ತೂತು ಮುಚ್ಚಿದ ಪಿನ್ನು

ಎಚ್‌ಐವಿ ಮಾತ್ರೆ ಪುಕ್ಕಟೆ ಸಿಗತೊಡಗಿದ ಹೊಸತರಲ್ಲಿ ನಾನು ನರಸೀಪುರದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದೆ. ಪಕ್ಕದ ಮೇಜಿನ ನರ್ಸಮ್ಮ ನಂಜನಗೂಡಿನವರು. ಅವರ ಸೆರಗು ಸದಾ ಜಾರುತ್ತಿತ್ತು, ಏಕೆಂದರೆ ಅದರ ಪಿನ್ನುಗಳೆಲ್ಲ ರೋಗಿಗಳಿಗೆ ಹೇಳುವ ಮಾತ್ರೆಯ ಪಾಠಕ್ಕೆ ಹೋಗುತ್ತಿದ್ದವು. ಸಾಲದೆಂದು ಬಂದವರ ಬಳೆಗೆ ಸಿಕ್ಕಿಸಿದ ಪಿನ್ನಿಗೂ ಕೈ ಹಾಕುತ್ತಿದ್ದರು. "ಒಸಿ ಪಿನ್ ಕೊಡವ್ವ" ಎನ್ನದೆ ಅವರ ಮಾತೇ ಶುರುವಾಗುತ್ತಿರಲಿಲ್ಲ. ಇಸಿದುಕೊಂಡದ್ದನ್ನು ಹಿಂದಿರುಗಿಸಿದ್ದು ನಾನು ಕಾಣೆ.

ಒಂದು ಪಿನ್ನಿನ ಬುಡದ ತೂತಿಗೆ ಇನ್ನೊಂದನ್ನು ಸಿಕ್ಕಿಸುತ್ತ ಸರ ಮಾಡುತ್ತಿದ್ದರು. "ವೈರಸ್ಸು ಇಂಗೇ ತನ್ನ ಡಿಎನ್‌ಎ ಸರ ಪೋಣಿಸ್ತದೆ." ಆಮೇಲೆ ತೂತಿಗೆ ಮೇಣ ತುಂಬಿದ ಪಿನ್ನೊಂದನ್ನು ಸೇರಿಸಿ, "ಇದೇ ಮಾತ್ರೆ. ನೋಡಕ್ಕೆ ಪಿನ್ನೇ, ವೈರಸ್ಸು ಏಮಾರಿ ಸೇರಿಸ್ಕತದೆ. ಈಗ ಮುಂದಿನದು ಸಿಗ್ಸು ನೋಡವ್ವ" ಎನ್ನುತ್ತಿದ್ದರು. ಮುಚ್ಚಿದ ತೂತಿಗೆ ಸಿಕ್ಕಿಸಲಾಗುತ್ತಿರಲಿಲ್ಲ. ಅವರು ಗೆದ್ದವರಂತೆ ಸೆರಗು ಎಳೆದುಕೊಳ್ಳುತ್ತಿದ್ದರು.

ಮೂಗೂರಿನ ಹೆಂಗಸೊಬ್ಬಳು ಮಾತ್ರೆ ನುಂಗುತ್ತಿದ್ದಳು, ರಕ್ತ ಮಾತ್ರ ಕೊಡಲೊಲ್ಲಳು. "ಇರದೇ ಒಸಿ ರಕ್ತ, ಅದ್ನೂ ಕೊಟ್ಬುಡ್ಲಾ?" ಎನ್ನುತ್ತಿದ್ದಳು. ಒಂದು ದಿನ ಅವಳು ಸರವನ್ನು ತಿರುಗಿಸಿ ನೋಡಿ ಕೇಳಿದಳು, "ಈ ಮೇಣದ ಪಿನ್ನು ನಮ್ ಮೈಯ ಸರಕ್ಕೂ ಸೇರ್ಕಂಡ್ರೆ?"

ನರ್ಸಮ್ಮನ ಕೈ ಸೆರಗಿನ ಮೇಲೇ ನಿಂತಿತು.

"ಸೇರ್ಕತದೆ ಕಣವ್ವ, ಅಲ್ಲೊಂದು ಇಲ್ಲೊಂದು. ಮೈ ಅದ್ನ ಕಿತ್ತಾಕಕ್ಕೆ ನೋಡ್ತದೆ. ಆದ್ರೂ ಕೆಲವ್ರಿಗೆ ರಕ್ತ ಕಮ್ಮಿಯಾಯ್ತದೆ. ಪರೀಕ್ಷೆ ಮಾಡದು ಅದಕ್ಕೇಯ. ಕಮ್ಮಿಯಾದ್ರೆ ಮಾತ್ರೆ ಬದಲಾಯಿಸ್ತಾರೆ."

ಅವಳು ಸೆರಗಿನೊಳಗೆ ಬಚ್ಚಿಟ್ಟಿದ್ದ ತೋಳನ್ನು ಈಚೆ ತೆಗೆದು ನನ್ನ ಮುಂದೆ ಚಾಚಿದಳು.

"ರಕ್ತ ತಕ್ಕಳಿ ಸಾ. ನನ್ ಪಿನ್ನ ಮಾತ್ರ ಈ ಅಮ್ಮಾರತ್ರ ಈಸ್ಕೊಡಿ."