ಉಜ್ಜಿ ಹೊಳೆಸಿದ ಬೆಸುಗೆ

ಹನ್ನೆರಡನೇ ತರಗತಿ ಮುಗಿಸಿ, ರಜೆಯಿಡೀ ವರ್ಕ್‌ಶಾಪಿನಲ್ಲಿ ಕೈ ಸುಟ್ಟುಕೊಂಡು, ವೆಲ್ಡಿಂಗನ್ನೇ ಕಲಿಯುತ್ತೇನೆಂದು ಹಟ ಹಿಡಿದಿದ್ದ ಹುಡುಗಿಗೆ ಅಂದು ಪರೀಕ್ಷೆ. ಅವಳು ಬೆಸೆದ ಕಬ್ಬಿಣದ ಪಟ್ಟಿಗಳನ್ನು ಮೇಸ್ತ್ರಿ ಸುತ್ತಿಗೆಯಿಂದ ಬಡಿದು ನೋಡಬೇಕು. ಅವರು ಬೇಡವೆಂದರೆ ಸೋದರಮಾವ ಅವಳನ್ನು ನೇರ ಕಾಲೇಜಿಗೆ ಸೇರಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲ್ಲಿನ ಡಾಕ್ಟರ ಬಳಿ ಬಂದವರಂತೆ ಸ್ಟೂಲಿನ ತುದಿಯಲ್ಲಿ ಕುಳಿತಿದ್ದರು.

ಹುಡುಗಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಾವನ ಕಣ್ಣಿಗೆ ಚೆಂದ ಕಾಣಲೆಂದು ಬೆಸುಗೆಯನ್ನು ಗ್ರೈಂಡರಿನಲ್ಲಿ ಉಜ್ಜಿ ಕನ್ನಡಿಯಂತೆ ಹೊಳೆಸಿಬಿಟ್ಟಿದ್ದಳು.

ಮೇಸ್ತ್ರಿ ಸುತ್ತಿಗೆಯನ್ನು ಎತ್ತಲೇ ಇಲ್ಲ. "ಏನಮ್ಮಾ, ಇದಕ್ಕೆ ಪೌಡರ್ ಬಳಿದು ಕರ್ಕೊಂಡು ಬಂದಿದ್ದೀಯಾ? ಇದರ ನಿಜವಾದ ಮುಖ ನಾನು ಹೇಗೆ ನೋಡ್ಲಿ? ಇನ್ನೊಂದು ಮಾಡು, ನನ್ನೆದುರಿಗೇ."

"ಹಾಗಾದ್ರೆ ಹೊರಡೋಣ್ವಾ?" ಮಾವ ಎದ್ದೇಬಿಟ್ಟರು.

"ಸ್ವಲ್ಪ ಕೂತ್ಕೊಳ್ಳಿ ಮಾವ," ಎಂದು ಅವಳು ಮುಖಕ್ಕೆ ಕವಚ ಎಳೆದುಕೊಂಡಳು. ಎರಡು ಪಟ್ಟಿಗಳನ್ನು ಜೋಡಿಸಿ ಬೆಸೆದಳು; ಬೆಸುಗೆ ಹಾವು ಹರಿದಂತೆ ಸೊಟ್ಟಗಾಯಿತು. ಈ ಸಲ ಉಜ್ಜದೆ ಹಾಗೇ ಕೊಟ್ಟಳು.

ಮೇಸ್ತ್ರಿ ಬಡಿದರು. ಪಟ್ಟಿ ಬಾಗಿತು, ಬೆಸುಗೆ ತಡೆಯಿತು. ಮತ್ತೆ ಬಡಿದಾಗ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು.

"ಒಡೀತಲ್ಲ," ಎಂದರು ಮಾವ. ದನಿಯಲ್ಲಿ ದುಃಖ ಅಷ್ಟೇನೂ ಇರಲಿಲ್ಲ.

"ಮುಗಿಸೋ ಹೊತ್ತಿಗೆ ಆತುರ ಬಿದ್ದಿದ್ದಾಳೆ, ಅಷ್ಟೆ," ಎಂದರು ಮೇಸ್ತ್ರಿ. "ಎಲ್ಲಿ ತಪ್ಪಿದೆ ಅಂತ ಕಂಡ್ರೆ ಕಲಿಸಬಹುದು. ನಾಳೆ ಬೆಳಿಗ್ಗೆಯಿಂದ ಕಳಿಸಿ."

"ನಾಳೆ ಯಾಕೆ?" ಎಂದಳು ಹುಡುಗಿ, ಇನ್ನೊಂದು ಪಟ್ಟಿಗೆ ಕೈ ಹಾಕುತ್ತ.