ಟಕ್ ಎನ್ನುವ ಕೋಲು

ಟಾರ್ಬೆಟ್ ಊರಿನಲ್ಲಿ ಪ್ರೊಕೋಪ್ ಮೆಲ್ನಿಕ್‌ನ ಶೆಡ್ಡಿಗೆ ಕಾಲಿಟ್ಟವರು ಬರಿಗೈಯಲ್ಲಿ ಹೊರಗೆ ಬಂದದ್ದಿಲ್ಲ. ಏನಾದರೊಂದು ಹೊಸ ಆಟದ ಸಾಮಾನು ಕೈಗೆ ತುರುಕಿ, "ಒಂದ್ಸಲ ಆಡಿ ನೋಡು ಮಾರಾಯ, ಏನನ್ನಿಸ್ತು ಹೇಳು" ಎಂದು ದುಂಬಾಲು ಬೀಳುತ್ತಿದ್ದ. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದುದು ಕೊಯ್ಲು ಯಂತ್ರಗಳ ರಿಪೇರಿ. ಮ್ಯಾನಿಟೋಬಾದ ಆ ಬಯಲಿನಲ್ಲಿ ಗೋಧಿ ಮಾಗಿದಾಗ ಅವನಿಗೆ ಊಟಕ್ಕೂ ಪುರುಸೊತ್ತಿರುತ್ತಿರಲಿಲ್ಲ. ಹಿಮ ಬಿದ್ದು ಯಂತ್ರಗಳು ಮಲಗಿದ ಮೇಲೆ ಇವನ ತಲೆ ಏಳುತ್ತಿತ್ತು.

ಆ ತಲೆಯಿಂದ ಬಂದದ್ದೆಲ್ಲ ಉಪಯೋಗಕ್ಕೆ ಬಂತು ಎಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅಲ್ಲಿ ಮನೆಮನೆಯಲ್ಲೂ ಕ್ರೋಕಿನೋಲ್ ಹಲಗೆ ಇರುತ್ತದೆ. ದುಂಡು ಹಲಗೆಯ ಮೇಲೆ ಮರದ ಬಿಲ್ಲೆಗಳನ್ನು ಬೆರಳಿನಿಂದ ಚಿಮ್ಮುವ ಆಟ, ಕೇರಂ ಆಡಿದವರಿಗೆ ಹೊಸದೇನಲ್ಲ. ಬೆರಳು ನೋಯುವ ಮುದುಕರಿಗೆಂದು ಪ್ರೊಕೋಪ್ ಸ್ಪ್ರಿಂಗ್ ಇಟ್ಟ ಒಂದು ಚಿಮ್ಮುಗೋಲು ಮಾಡಿದ. ಚರ್ಚಿನ ಹಾಲ್‌ನಲ್ಲಿ ಅದರ ಮೊದಲ ಪ್ರಯೋಗದ ದಿನ ಬಿಲ್ಲೆ ಹಲಗೆ ಬಿಟ್ಟು ಹಾರಿ ಪಾದ್ರಿಯ ಬಟ್ಟಲಿಗೆ ಬಿತ್ತು. ಬೀಟ್‌ರೂಟ್ ಸಾರು ಎಗರಿ ಅವರ ಬಿಳಿ ಗಡ್ಡ ಕೆಂಪಾಯಿತು. ಆಮೇಲೆ ಒಂದು ಮಡಚುವ ಹಾಕಿ ಕೋಲು ಬಂತು. ಅದು ಬೇಕೆಂದಾಗ ಮಡಚುತ್ತಿರಲಿಲ್ಲ, ಆಡುವಾಗ ಮಾತ್ರ ತಪ್ಪದೆ ಮಡಚುತ್ತಿತ್ತು. ಲಾಳ ಎಸೆಯುವ ಆಟದಲ್ಲಿ ಬಗ್ಗದೆ ಲಾಳ ಎತ್ತಿಕೊಳ್ಳಲು ಮಾಡಿದ ಕೊಕ್ಕೆಯೊಂದೇ ಊರಿಗೆ ಇಷ್ಟವಾದದ್ದು. ಜನ ಅದರಿಂದ ಸೋಫಾದ ಕೆಳಗೆ ಬಿದ್ದ ಕಾಲುಚೀಲ ತೆಗೆಯುತ್ತಿದ್ದರು.

"ದೇವರು ನಿನಗೆ ಎರಡು ಕೈ ಕೊಟ್ಟಿದ್ದು ಜಾಸ್ತಿ ಆಯ್ತು ಕಣೋ ಮುದುಕ. ಒಂದಿದ್ದಿದ್ರೆ ಶೆಡ್ಡಲ್ಲಿ ಕಾಲಿಡಕ್ಕಾದ್ರೂ ಜಾಗ ಇರ್ತಿತ್ತು" ಎಂದು ಅವನ ಹೆಂಡತಿ ನೆಟ್ಟಿ ಹಂಗಿಸುತ್ತಿದ್ದಳು.

ನೆಟ್ಟಿಗೆ ಆಟ ಎಂದರೆ ಒಂದೇ, ಕರ್ಲಿಂಗ್. ಮಂಜುಗಡ್ಡೆಯ ಉದ್ದ ಹಾದಿಯ ಮೇಲೆ, ಹಿಡಿ ಇರುವ ಭಾರಿ ಗ್ರಾನೈಟ್ ಕಲ್ಲನ್ನು ಜಾರಿಸಿ ಆ ತುದಿಯ ವೃತ್ತಗಳ ನಡುವಿಗೆ ಮುಟ್ಟಿಸಬೇಕು. ಕಲ್ಲು ಬಿಡುವವರು ಮಂಡಿ ಮಡಚಿ ಅದರ ಜೊತೆಗೇ ಜಾರುತ್ತ ಹೋಗಿ, ಅಡ್ಡಗೆರೆ ಬರುವ ಮೊದಲೇ ಕೈ ಬಿಡಬೇಕು. ಅಲ್ಲಿಂದಾಚೆ ಜೊತೆಯವರಿಬ್ಬರು ಕಲ್ಲಿನ ಮುಂದೆ ಪೊರಕೆಯಲ್ಲಿ ಉಜ್ಜುತ್ತ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ. ಎಷ್ಟು ಉಜ್ಜಬೇಕೆಂದು ಕೂಗುವುದು ನಾಯಕರ ಕೆಲಸ. ನೆಟ್ಟಿ ಹುಡುಗಿಯಾಗಿದ್ದಾಗಿನಿಂದ ನಾಯಕಿ. ಅವಳ ಕೂಗಿಗೆ ಹೊರಗೆ ನಿಂತ ಟ್ರಕ್ಕುಗಳ ಗಾಜು ಅದುರುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು.

ಟಾರ್ಬೆಟ್‌ನಂಥ ಊರಿನ ಕ್ಲಬ್ಬಿನಲ್ಲಿ ಈ ಆಟಕ್ಕೆ ರೆಫರಿ ಎಂಬುವವನಿಲ್ಲ. ಪೊರಕೆ ಕಲ್ಲಿಗೆ ತಾಗಿದರೆ, ಗೆರೆ ದಾಟಿದ ಮೇಲೆ ಕೈ ಬಿಟ್ಟರೆ, ತಪ್ಪು ಮಾಡಿದವರೇ ಬಾಯಿ ಬಿಟ್ಟು ಹೇಳಿ ಕಲ್ಲನ್ನು ಪಕ್ಕಕ್ಕೆ ಸರಿಸಬೇಕು. ಎದುರಾಳಿ ಬೆರಳು ತೋರಿಸುವುದು ಮರ್ಯಾದೆಯಲ್ಲ. ಆಟ ಮುಗಿದ ಮೇಲೆ ಗೆದ್ದವರು ಸೋತವರಿಗೆ ಮೊದಲ ಗ್ಲಾಸು ಕುಡಿಸಿ ಒಂದೇ ಮೇಜಿಗೆ ಕೂರಬೇಕು. ಗೆದ್ದು ಸೀದಾ ಮನೆಗೆ ಹೋದವನನ್ನು ಆ ಊರು ಮೂರು ಚಳಿಗಾಲ ನೆನಪಿಟ್ಟುಕೊಳ್ಳುತ್ತದೆ.

ಒಂದು ವರ್ಷ ಈಸ್ಟರಿನ ಹೊತ್ತಿಗೆ ನೆಟ್ಟಿ ಚರ್ಚಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ನಡೆದಾಡಿದಳು, ಪೆರೋಗಿ ಕಡುಬಿನ ಹಿಟ್ಟನ್ನೂ ಲಟ್ಟಿಸಿದಳು. ಮಂಡಿ ಮಡಚಿ ಕೂರುವುದು ಮಾತ್ರ ಇನ್ನಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಮುಂದಿನ ಚಳಿಗಾಲ ಅವಳು ಕ್ಲಬ್ಬಿನ ಗಾಜಿನ ಹಿಂದೆ ಕಾಫಿ ಹಿಡಿದು ಕೂತು ಎಲ್ಲರ ಆಟಕ್ಕೂ ಮೂಗು ಮುರಿದಳು. ಜನವರಿಗೆ ಮೂಗು ಮುರಿಯುವುದನ್ನೂ ಬಿಟ್ಟಳು. ಫೆಬ್ರವರಿಯಲ್ಲಿ, "ನೀನು ಹೋಗ್ಬಾ, ನಂಗೆ ಟಿವಿ ಇದೆ" ಎಂದಳು.

ಪ್ರೊಕೋಪ್‌ಗೆ ಅದು ಸಹಿಸಲಾಗಲಿಲ್ಲ. ನಲವತ್ತು ವರ್ಷ ಪೊರಕೆ ಹಿಡಿದು ಅವಳ ಕೂಗಿಗೆ ಓಡಿದವನು ಅವನು. ಮನೆಯಲ್ಲೂ ಅವಳೀಗ ಕೂಗುತ್ತಿರಲಿಲ್ಲ. ಬೂಟು ಬಿಚ್ಚದೆ ಅಡುಗೆಮನೆಗೆ ಬಂದರೂ ಸುಮ್ಮನಿರುತ್ತಿದ್ದಳು. ಅವನು ಒಂದೆರಡು ಸಲ ಬೇಕೆಂದೇ ಹಾಗೆ ಬಂದು ನೋಡಿದ. ಅವಳು ಎದ್ದು ನೆಲ ಒರೆಸಿದಳು, ಅಷ್ಟೆ. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಅವನು ಶೆಡ್ಡು ಸೇರಿದ. ನಿಂತುಕೊಂಡೇ ಕಲ್ಲು ತಳ್ಳುವುದಕ್ಕೆ ಒಂದು ಕೋಲು ಬೇಕು, ಅಷ್ಟೇ ತಾನೆ ಎಂದುಕೊಂಡ. ಮೊದಲ ಕೋಲಿನ ತುದಿ ಕಲ್ಲಿನ ಹಿಡಿಯನ್ನು ಕಚ್ಚಿಕೊಂಡು ಬಿಡಲೇ ಇಲ್ಲ. ಕಲ್ಲಿನ ಜೊತೆ ಅವನೂ ಸವಾರಿ ಹೋಗಿ ಗೋಡೆಗೆ ಗುದ್ದಿಕೊಂಡ. ಎರಡನೆಯದು ಹಿಡಿಯಲೇ ಇಲ್ಲ. ಕೊನೆಗೆ ಕೊಯ್ಲು ಯಂತ್ರದ ಒಂದು ಪುಟ್ಟ ಸ್ಪ್ರಿಂಗ್ ಹಾಕಿ ತುದಿಗೊಂದು ದವಡೆ ಮಾಡಿದ. ಮುಂಗೈ ಸ್ವಲ್ಪ ತಿರುಗಿಸಿದರೆ ದವಡೆ ಬಾಯಿ ತೆರೆದು 'ಟಕ್' ಎನ್ನುತ್ತಿತ್ತು, ಕಲ್ಲು ತನ್ನ ಪಾಡಿಗೆ ಹೋಗುತ್ತಿತ್ತು.

ಅವರ ತಂಡದ ಬೆವ್ ಫ್ರೀಸನ್ ಪಕ್ಕದ ಜಮೀನಿನವಳು. ಅವಳು ಕೋಲನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ ಪ್ರೊಕೋಪ್. ಆದ್ರೆ ಈ ಟಕ್ ಟಕ್ ಯಾಕೆ? ಇಲಿ ಬೋನ್ ಥರ ಇದೆ" ಎಂದಳು.

"ಬಿಟ್ತು ಅಂತ ಗೊತ್ತಾಗ್ಬೇಡ್ವಾ? ಸದ್ದು ಅದರ ನಾಲಿಗೆ ಕಣಮ್ಮ" ಎಂದು ಪ್ರೊಕೋಪ್ ಬೀಗಿದ.

ನೆಟ್ಟಿ ಮೊದಲು ಕೋಲನ್ನು ಮುಟ್ಟಲಿಲ್ಲ. "ಇದನ್ನ ಹಿಡ್ಕೊಂಡು ನಿಂತ್ರೆ ಗುಡಿಸೋಳ ಥರ ಕಾಣ್ತೀನಿ" ಎಂದಳು. ಒಂದು ಮಧ್ಯಾಹ್ನ ಕ್ಲಬ್ಬು ಖಾಲಿಯಿದ್ದಾಗ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದು ಕಲ್ಲು ಬಿಟ್ಟಳು. ಅದು ಹೋಗಿ ವೃತ್ತದ ಒಳಗೆ ನಿಂತಿತು. ಇನ್ನೊಂದು ಬಿಟ್ಟಳು. ಆಮೇಲೆ ಪ್ರೊಕೋಪ್‌ನತ್ತ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀಯ, ಪೊರಕೆ ತಗೊಂಡು ಉಜ್ಜೋ!" ಎಂದು ಕೂಗಿದಳು. ಪ್ರೊಕೋಪ್ ಕಣ್ಣೊರೆಸಿಕೊಂಡು ಓಡಿದ.

ಅಡ್ಡ ಬಂದವನು ಆರ್ಚಿ ಟಲ್ಲಕ್. ಅವನು ಕ್ಲಬ್ಬಿನ ಅಧ್ಯಕ್ಷ, ಮಂಜುಗಡ್ಡೆ ಹದ ಮಾಡುವವನೂ ಅವನೇ. ಅವನ ಅಜ್ಜ ಸ್ಕಾಟ್ಲೆಂಡಿನಿಂದ ಬರುವಾಗ ಹಾಸಿಗೆ ಬಿಟ್ಟು ಕಲ್ಲು ಹೊತ್ತು ತಂದನಂತೆ. ಕಿವಿ ಸ್ವಲ್ಪ ಮಂದ, ಮಾತು ಮಾತ್ರ ಹರಿತ. ಆದರೆ ಕೆಟ್ಟವನಲ್ಲ.

"ನೆಟ್ಟಿ ಆಡ್ಬಾರ್ದು ಅಂತ ನಾನು ಹೇಳ್ತಿಲ್ಲ ಕಣಯ್ಯ" ಎಂದ ಆರ್ಚಿ. "ಕೈಯಲ್ಲಿ ಬಿಟ್ರೆ ಬೆರಳು ಬಿಡೋದು ಎಲ್ರಿಗೂ ಕಾಣತ್ತೆ. ಈ ಕೋಲು ಗೆರೆಗೆ ಮುಂಚೆ ಬಿಡ್ತೋ ಆಮೇಲೆ ಬಿಡ್ತೋ, ಯಾರಿಗಯ್ಯಾ ಗೊತ್ತಾಗತ್ತೆ? ನಾಳೆ ಅನುಮಾನ ಶುರುವಾಗತ್ತೆ. ಅನುಮಾನ ಶುರುವಾದ್ರೆ ರೆಫರಿ ಬೇಕು. ರೆಫರಿ ಬಂದ ದಿನ ನಾನು ಈ ಕ್ಲಬ್ಬಿಗೆ ಬೀಗ ಹಾಕ್ತೀನಿ."

ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರ ಮಧ್ಯಾಹ್ನ ಆರ್ಚಿಯ ತಂಡದ ಮೇಲೆ ನೆಟ್ಟಿ ಕೋಲು ಹಿಡಿದು ಆಡಬೇಕು. ಆಟ ಮುಗಿದ ಕೂಡಲೇ ಸದಸ್ಯರು ಕೈ ಎತ್ತಿ ತೀರ್ಮಾನಿಸಬೇಕು. ಬೇಡ ಎಂದರೆ ಕೋಲು ಶೆಡ್ಡಿಗೆ, ನೆಟ್ಟಿ ಟಿವಿ ಮುಂದೆ.

ಭಾನುವಾರ ಬೆಳಿಗ್ಗೆ ಪ್ರೊಕೋಪ್‌ನ ಕೈ ಸುಮ್ಮನಿರಲಿಲ್ಲ. ಮದುವಣಗಿತ್ತಿಯನ್ನು ಸಿಂಗರಿಸುವವರಂತೆ ಕೋಲನ್ನು ಒರೆಸಿದ, ತಿಕ್ಕಿದ. ಬೇಸಿಗೆಯಲ್ಲಿ ಕೊಯ್ಲು ಯಂತ್ರದ ಬೇರಿಂಗಿಗೆ ಹಾಕುವ ದಪ್ಪ ಗ್ರೀಸನ್ನು ಬೆರಳಲ್ಲಿ ತೆಗೆದು ದವಡೆಯ ಸಂದಿಗೆ ಬಳಿದ. ಒಲೆ ಉರಿಯುತ್ತಿದ್ದ ಶೆಡ್ಡಿನಲ್ಲಿ ದವಡೆ ಬೆಣ್ಣೆಯ ಹಾಗೆ ತೆರೆದು ಮುಚ್ಚಿತು. ಊರಿನ ಯಂತ್ರಗಳಿಗೆಲ್ಲ ಅದೇ ಗ್ರೀಸು ಬಳಿದವನಿಗೆ ಬೇರೆ ಯೋಚನೆ ಬರಲಿಲ್ಲ.

ಕ್ಲಬ್ಬು ತುಂಬಿತ್ತು. ಪಕ್ಕದ ಹಾದಿಗಳಲ್ಲೂ ಆಟ ನಡೆದಿತ್ತು, ಕೂಗಾಟವೋ ಕೂಗಾಟ. ನೆಟ್ಟಿ ಎರಡು ಸುತ್ತು ತಡವರಿಸಿದಳು, ಮೂರನೆಯದರಿಂದ ಹಳೆಯ ನೆಟ್ಟಿಯಾದಳು. "ಉಜ್ಜೇ ಬೆವ್, ನಿಂಗೇನು ಮುತ್ತಿನ ಬಳೆ ಸವೆಯತ್ತಾ!" ಎಂದು ಕೂಗಿದಾಗ ಗಾಜಿನ ಹಿಂದೆ ಕೂತವರೆಲ್ಲ ನಕ್ಕರು. ಕೊನೆಯ ಸುತ್ತಿನ ಹೊತ್ತಿಗೆ ಎರಡೂ ತಂಡ ಸಮಸಮ. ಆರ್ಚಿ ತನ್ನ ಕೊನೆಯ ಕಲ್ಲನ್ನು ನಡುಬಿಂದುವಿನಿಂದ ಗೇಣಿನಷ್ಟು ದೂರಕ್ಕೆ ತಂದು ನಿಲ್ಲಿಸಿದ. ಇನ್ನು ಉಳಿದದ್ದು ನೆಟ್ಟಿಯ ಒಂದೇ ಕಲ್ಲು. ಅದು ಆರ್ಚಿಯದಕ್ಕಿಂತ ಹತ್ತಿರ ಹೋದರೆ ನೆಟ್ಟಿ ಗೆದ್ದಳು, ಇಲ್ಲದಿದ್ದರೆ ಆರ್ಚಿ. ಆರ್ಚಿ ಆ ತುದಿಗೆ ಹೋಗಲಿಲ್ಲ. ಅಡ್ಡಗೆರೆಯ ಬಳಿಯೇ ನಿಂತು ಕೋಲಿನ ತುದಿಯ ಮೇಲೆ ಕಣ್ಣು ನೆಟ್ಟ.

ನೆಟ್ಟಿ ನಡೆದಳು. ಪ್ರೊಕೋಪ್ ಒಂದು ಪಕ್ಕ, ಬೆವ್ ಇನ್ನೊಂದು ಪಕ್ಕ. ಬೆವ್ ಉಲ್ಲನ್ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಂಡಿದ್ದಳು. ಕಲ್ಲು ಗೆರೆಯ ಹತ್ತಿರ ಬಂತು, ನೆಟ್ಟಿಯ ಮುಂಗೈ ತಿರುಗಿತು, ಕಲ್ಲು ಗೆರೆ ದಾಟಿತು.

ಟಕ್.

ದಾಟಿದ ಮೇಲೆ. ಒಂದು ಅಂಗೈ ಅಗಲ ದಾಟಿದ ಮೇಲೆ. ಪಕ್ಕದ ಹಾದಿಯ ಗಲಾಟೆಯಲ್ಲಿ ಆ ಸದ್ದು ಬಗ್ಗಿದ್ದ ಪ್ರೊಕೋಪ್‌ನ ಕಿವಿಗೆ ಮಾತ್ರ ಬಿತ್ತು. ಗ್ರೀಸು! ಬೇಸಿಗೆಯ ಗ್ರೀಸು ಈ ಥಂಡಿಗೆ ಮೇಣವಾಗಿ ದವಡೆಯನ್ನು ಹಿಡಿದುಬಿಟ್ಟಿದೆ ಎಂದು ಅವನಿಗೆ ತಕ್ಷಣ ಹೊಳೆಯಿತು. ಆರ್ಚಿ ಮಾತಾಡಲಿಲ್ಲ, ಅವನಿಗೆ ಗೊತ್ತಾಗಿರಲಿಲ್ಲ. ಬೆವ್ ಉಜ್ಜುತ್ತಿದ್ದಳು. ಪ್ರೊಕೋಪ್‌ನ ಪೊರಕೆಯೂ ಒಮ್ಮೆ ಉಜ್ಜಿತು, ಇನ್ನೊಮ್ಮೆ ಉಜ್ಜಿತು. ಕಲ್ಲು ನೇರವಾಗಿ, ಚೆಂದವಾಗಿ ಹೋಗುತ್ತಿತ್ತು. ಅದು ಗೆಲ್ಲುವ ಕಲ್ಲು ಎಂದು ಅವನಿಗೆ ನೋಡಿದರೇ ಗೊತ್ತಾಗುತ್ತಿತ್ತು.

ಅವನು ಬೂಟನ್ನು ಅಡ್ಡ ಇಟ್ಟು ಕಲ್ಲನ್ನು ನಿಲ್ಲಿಸಿದ.

"ಏಯ್, ಹುಚ್ಚು ಹಿಡೀತಾ ನಿಂಗೆ?" ಎಂದು ಬೆವ್ ಕಿರುಚಿದಳು.

"ಕೋಲು ಗೆರೆ ದಾಟಿ ಬಿಡ್ತು" ಎಂದ ಪ್ರೊಕೋಪ್. "ನಂಗೆ ಕೇಳಿಸ್ತು." ಕಲ್ಲನ್ನು ಪಕ್ಕಕ್ಕೆ ಸರಿಸಿದ. ನೆಟ್ಟಿಯ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ. ಅವಳ ಆಟವನ್ನು ತನ್ನ ಕೈಯಾರೆ ಮುಗಿಸಿದೆ ಎಂದೇ ಅವನು ತಿಳಿದ. ಆರ್ಚಿಯ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಕೋಲು ತಪ್ಪು ಮಾಡುತ್ತದೆ, ನೋಡುವವರಿಗೆ ಕಾಣುವುದಿಲ್ಲ.

ಆಟ ಮುಗಿದು, ಗಾಜಿನ ಹಿಂದಿನ ಮೇಜಿಗೆ ಆರ್ಚಿಯೇ ಗ್ಲಾಸು ತಂದಿಟ್ಟ. ಗೆದ್ದವನು ಅವನಲ್ಲವೇ. ನೆಟ್ಟಿಗೆ ವಿಸ್ಕಿಯಲ್ಲಿ ಶುಂಠಿ ಸೋಡಾ ಹೇಗೆ ಬೇಕೆಂದು ಕೇಳಿ ಬೆರೆಸಿಕೊಟ್ಟ. ಆಮೇಲೆ ಎದ್ದು ನಿಂತ. ಗದ್ದಲ ನಿಂತಿತು.

"ಯಾರಿಗೆ ಗೊತ್ತಾಗತ್ತೆ ಅಂತ ನಾನು ಕೇಳಿದ್ದೆ" ಎಂದ. "ಗೆರೆ ಪಕ್ಕದಲ್ಲೇ ನಿಂತು, ಕಣ್ಣು ಬಿಟ್ಕೊಂಡು ನೋಡ್ತಿದ್ದೆ. ನಂಗೇನೂ ಗೊತ್ತಾಗ್ಲಿಲ್ಲ. ಇವನು ಬಾಯಿ ಮುಚ್ಕೊಂಡಿದ್ರೆ ಇಷ್ಟ್ಹೊತ್ತಿಗೆ ನಾನು ಇವನ ದುಡ್ಡಲ್ಲಿ ಕುಡೀತಿದ್ದೆ." ಒಂದು ಗುಟುಕು ಕುಡಿದ. "ಕೈಯಲ್ಲಿ ಆಡೋರ್ದೂ ಅಷ್ಟೇ ಅಲ್ವೇನ್ರಯ್ಯಾ? ನಾವು ನಂಬೋದು ಕೈನ ಅಲ್ಲ, ಕೈ ಇಟ್ಕೊಂಡಿರೋರ್ನ. ನಾನಂತೂ ಕೈ ಎತ್ತಿದೀನಿ. ಎತ್ತೋರು ಎತ್ತಿ."

ಅಲ್ಲಿದ್ದವರಲ್ಲಿ ಹೆಚ್ಚಿನವರು ಎತ್ತಿದರು. ಎತ್ತದ ಒಬ್ಬಿಬ್ಬರು ಗೋಡೆಯ ಕಡೆ ತಿರುಗಿ ಕುಡಿದರು. ನೆಟ್ಟಿ ಗ್ಲಾಸು ಬರಿದು ಮಾಡಿ ಕೋಟು ಹಾಕಿಕೊಂಡಳು.

ಟ್ರಕ್ಕಿನಲ್ಲಿ ಅವಳು ಕೋಲನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಕೂತಳು. ಧಾನ್ಯದ ಉಗ್ರಾಣ ದಾಟಿದರು, ರೈಲು ಹಳಿ ದಾಟಿದರು. ಬೈಗುಳ ಈಗ ಬಂದೀತು, ಆಗ ಬಂದೀತು ಎಂದು ಪ್ರೊಕೋಪ್ ಕಾದ.

"ನಂಗೂ ಗೊತ್ತಾಯ್ತು" ಎಂದಳು ನೆಟ್ಟಿ. "ಕೈಗೆ ಗೊತ್ತಾಗ್ದೆ ಇರತ್ತಾ? ಕೋಲು ಎಳೀತು. ಬಾಯಿ ತೆರೆದೆ, ಸದ್ದೇ ಬರ್ಲಿಲ್ಲ ಕಣೋ. ಊರೆಲ್ಲಾ ಕೇಳೋ ಹಾಗೆ ಕೂಗೋಳು ನಾನು." ಅವಳು ಕಿಟಕಿಯ ಕಡೆ ತಿರುಗಿದಳು. "ಆ ಕಲ್ಲು ನಂಗೆ ಅಷ್ಟು ಬೇಕಾಗಿತ್ತು."

ಪ್ರೊಕೋಪ್ ಟ್ರಕ್ಕನ್ನು ಮನೆಯ ದಾರಿಗೆ ತಿರುಗಿಸಿದ.

"ಟಕ್ ಅಂದ್ಮೇಲೂ ನಾನು ಎರಡು ಸಲ ಉಜ್ಜಿದೆ" ಎಂದ.

"ನೋಡ್ದೆ" ಎಂದಳು ನೆಟ್ಟಿ.

ಮನೆ ಬಂತು. ಪ್ರೊಕೋಪ್ ತಲೆಯಲ್ಲಿ ಗ್ರೀಸಿನ ಯೋಚನೆಯನ್ನೇ ಇಟ್ಟುಕೊಂಡು, ಹಿಮ ಮೆತ್ತಿದ ಬೂಟಿನಲ್ಲೇ ಸೀದಾ ಅಡುಗೆಮನೆಗೆ ನಡೆದ.

"ಬೂಟು!" ಎಂದು ನೆಟ್ಟಿ ಹಿಂದಿನಿಂದ ಕೂಗಿದಳು. ಕಪಾಟಿನ ಪಿಂಗಾಣಿ ತಟ್ಟೆಗಳು ಅದುರಿದವು.