ಮೇಲಿನಿಂದ ಕೆಳಕ್ಕೆ ಗುಂಡಿಯಕ್ಕನ ಪಾಲು

ಅಂಗಿಯ ಗುಂಡಿ ಕಿತ್ತುಹೋದವರು, ನಡುದಾರಿಯಲ್ಲಿ ಪ್ಯಾಂಟಿನ ಜಿಪ್ಪು ಕೈಕೊಟ್ಟವರು, ಸೊಂಟ ಹಿಗ್ಗಿಲ್ಲ, ಬಟ್ಟೆಯೇ ಕುಗ್ಗಿದೆ ಎಂದು ವಾದ ಹೂಡುವವರು, ಎಲ್ಲರೂ ಬಂದು ನಿಲ್ಲುವುದು ಒಂದೇ ಅಂಗಡಿಯ ಮುಂದೆ. ಅಂಗಡಿ ಎಂದರೆ ಎಂಟಡಿ ಅಗಲದ ಕೋಣೆ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಗುಂಡಿ ತುಂಬಿದ ಗಾಜಿನ ಭರಣಿಗಳು. ಒಡತಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಡವರಿಸುತ್ತಾಳೆ. ಬೀದಿಗೆಲ್ಲ ಅವಳು ಗುಂಡಿಯಕ್ಕ.

ಅಪ್ಪ ತೀರಿಕೊಂಡಾಗ ಅವಳಿಗೆ ಇಪ್ಪತ್ತು. ಆತ ಬಿಟ್ಟುಹೋದದ್ದು ಈ ಯಂತ್ರ, ಅಮ್ಮ ಮತ್ತು ತಂಗಿ. ತಂಗಿಯ ಮದುವೆಯಾಯಿತು, ಬಾಣಂತನವಾಯಿತು, ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. ಇದರ ನಡುವೆ ಗುಂಡಿಯಕ್ಕನ ಮದುವೆಯ ವಯಸ್ಸು ಯಾವ ಮಾಯದಲ್ಲಿ ದಾಟಿತೋ, ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಮ್ಮ ಮಲಗಿರುತ್ತಾಳೆ. ಬೇಕಾದಾಗ ಚಮಚದಿಂದ ಲೋಟ ಬಡಿಯುತ್ತಾಳೆ. ಬೇಡವಾದಾಗಲೂ ಬಡಿಯುತ್ತಾಳೆ, ಅದು ಬೇರೆ ಮಾತು.

ಬೀದಿಯ ಆ ಬದಿಗೆ, ಸರಿಯಾಗಿ ಎದುರಿಗೆ, ಗಡಿಯಾರ ರಿಪೇರಿ ಮಾಡುವವರ ಅಂಗಡಿ. ಹೆಂಡತಿ ತೀರಿಹೋಗಿ ಬಹಳ ವರ್ಷವಾದ, ಮಕ್ಕಳಿಲ್ಲದ, ಮಾತು ಕಡಿಮೆಯ ಮನುಷ್ಯ. ಹತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಅವಳು ನಿಂತುಹೋದ ಗೋಡೆ ಗಡಿಯಾರ ಹೊತ್ತುಕೊಂಡು ಅಲ್ಲಿಗೆ ಹೋದಾಗ, ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪತ್ರಿಕೆಯ ಪದಬಂಧ ನೋಡುತ್ತಿದ್ದರು. ಗಿರಾಕಿ ಬಂದದ್ದೇ ಗೊತ್ತಿಲ್ಲ. ಅವಳು ಕೆಮ್ಮಿದಳು. ಅವರು ತಲೆಯೆತ್ತದೆ ಒಂದು ಸಾಲು ಓದಿದರು: ‘ಯಾರು ಮಾಲು ತಂದರೂ ತಲೆಗೆ ಸುತ್ತಿಕೊಳ್ಳುವುದು ಇದನ್ನೇ. ಮೂರು ಅಕ್ಷರ.’

ಅವಳು ಮಾಲು ಎಂದರೆ ಯಾವ ಮಾಲು, ತಂದವರು ಯಾರು ಎಂದು ಯೋಚಿಸತೊಡಗಿದಳು. ಅವರಿಗೆ ನಗು ಬಂತು. ಇದು ಬೇರೆ ಜಾತಿಯ ಪದಬಂಧ, ಇಲ್ಲಿ ಸುಳಿವು ಹೇಳುವ ಕಥೆಯನ್ನು ನಂಬಿದರೆ ಕೆಟ್ಟಿರಿ, ನಮ್ಮನ್ನು ದಾರಿ ತಪ್ಪಿಸುವುದಕ್ಕೇ ಹಾಗೆ ಬರೆದಿರುತ್ತಾರೆ ಎಂದು ವಿವರಿಸಿದರು. ‘ಯಾರು’ ಎಂಬುದರ ಕೊನೆಯ ಅಕ್ಷರ ಹಿಡಿದು, ಪಕ್ಕದ ‘ಮಾಲು’ ಸೇರಿಸಿ ಓದಿ ಎಂದರು. ರುಮಾಲು. ತಲೆಗೆ ಸುತ್ತಿಕೊಳ್ಳುವುದು ಅದನ್ನೇ ತಾನೆ. ಇಷ್ಟು ಹೊತ್ತು ಕಣ್ಣೆದುರೇ ಇತ್ತಲ್ಲ ಎಂದು ಅವಳು ಬೆರಗಾದಳು. ಹೊಲಿಗೆ ಬಿಚ್ಚಿ ಬಟ್ಟೆಯನ್ನು ಬೇರೆ ರೀತಿ ಜೋಡಿಸುವುದು ಅವಳಿಗೆ ದಿನದ ಕೆಲಸ. ಮಾತನ್ನೂ ಹಾಗೆ ಬಿಚ್ಚಬಹುದು ಎಂದು ಅವತ್ತು ಗೊತ್ತಾಯಿತು. ಅವರು ರಿಪೇರಿ ಮಾಡಿಕೊಟ್ಟ ಗಡಿಯಾರವನ್ನು ಅಲ್ಲೇ ಮರೆತು ಮನೆಗೆ ಬಂದಳು.

ಮೂರು ವಾರ ಕಳೆಯುವುದರೊಳಗೆ ಶಿಷ್ಯೆ ಗುರುವಿನ ಕಿವಿ ಹಿಂಡಿದಳು. ‘ಎಲ್ಲೆ ಯಾರದು ಎಂದರೆ ಇದು ಹೊತ್ತು ಹೇಳುತ್ತದೆ. ನಾಲ್ಕು ಅಕ್ಷರ.’ ಅವರು ಬೆಳಿಗ್ಗೆಯಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಅವಳು ಒಂದು ಸಲ ಓದಿ ಅವರ ಅಂಗಡಿಯ ನಾಲ್ಕೂ ಗೋಡೆ ನೋಡಿ ನಕ್ಕಳು. ಎಲ್ಲೆ ಎಂದರೆ ಗಡಿ, ಅದಕ್ಕೆ ‘ಯಾರದು’ ಎಂಬುದರ ‘ಯಾರ’ ಸೇರಿಸಿದರೆ ಗಡಿಯಾರ. ಇನ್ನೂರು ಗಡಿಯಾರ ಟಿಕ್ ಟಿಕ್ ಅನ್ನುತ್ತಿರುವಾಗ ಈ ಮಹಾನುಭಾವರಿಗೆ ಅದೊಂದು ಹೊಳೆದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಅಂದಿನಿಂದ ಒಂದು ಕ್ರಮ ಬಿತ್ತು. ಪತ್ರಿಕೆ ಒಂದೇ. ಎಡದಿಂದ ಬಲಕ್ಕೆ ಇರುವುದೆಲ್ಲ ಅವರ ಪಾಲು, ಮೇಲಿನಿಂದ ಕೆಳಕ್ಕೆ ಗುಂಡಿಯಕ್ಕನ ಪಾಲು. ಮಧ್ಯಾಹ್ನ ಒಂದಕ್ಕೆ ಅವರು ಬೀದಿ ದಾಟಿ ಪತ್ರಿಕೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಹೋಗುವರು. ನಾಲ್ಕಕ್ಕೆ ಅವಳ ಹೊಸ್ತಿಲ ಹೊರಗೆ ಸ್ಟೂಲು ಹಾಕಿ ಚಹಾ. ಉತ್ತರ ಬಂದರೆ ಸಾಲದು, ಹೇಗೆ ಬಂತು ಎಂದು ಬಿಡಿಸಿ ಹೇಳಬೇಕು. ಹೇಳಲಾಗದ ಉತ್ತರ ಸರಿಯಾಗಿದ್ದರೂ ರಬ್ಬರಿನಿಂದ ಅಳಿಸಬೇಕು. ಈ ವಿಷಯದಲ್ಲಿ ಅವಳದು ಅವರಿಗಿಂತ ಕಟ್ಟುನಿಟ್ಟು. ಸೋಮವಾರ ಪತ್ರಿಕೆಯಲ್ಲಿ ಪದಬಂಧ ಇರುತ್ತಿರಲಿಲ್ಲ. ಆ ದಿನ ಇಬ್ಬರೂ ಪತ್ರಿಕೆಯ ಅಂಚಿನಲ್ಲಿ ತಾವೇ ಕಟ್ಟಿದ ಒಂದೊಂದು ಸುಳಿವು ಬರೆದು ಕೊಡುವರು.

ನಾಲ್ಕು ಗಂಟೆಯ ಆ ಅರ್ಧ ತಾಸಿಗಾಗಿ ಅವಳು ಉಳಿದ ಹೊತ್ತನ್ನು ಹೊಲಿದು ಹಾಕುತ್ತಿದ್ದಳು ಎಂದರೆ ಸುಳ್ಳಲ್ಲ. ಅವರು ಮೈಗೆ ಹುಷಾರಿಲ್ಲದೆ ಬಾಗಿಲು ತೆರೆಯದ ದಿನ ಅವಳ ಕೈಯಲ್ಲಿ ಸೂಜಿ ಮುರಿಯುತ್ತಿತ್ತು. ಇನ್ನೊಂದು ಮಾತು. ಊರಿಗೆಲ್ಲ ಅಕ್ಕನಾದವಳು ಅವರೊಬ್ಬರಿಗೆ ಅಕ್ಕನಾಗಲಿಲ್ಲ. ಅವರು ‘ನೋಡಿ ಇಲ್ಲಿ’ ಎನ್ನುವರು, ‘ಕೇಳಿಸ್ತಾ’ ಎನ್ನುವರು, ಆದರೆ ಒಂದು ದಿನವೂ ಅಕ್ಕ ಎನ್ನಲಿಲ್ಲ. ಅದನ್ನು ಅವಳು ಗಮನಿಸಿದ್ದಳು. ಹೆಂಗಸು ಅದನ್ನು ಗಮನಿಸದೆ ಇರುತ್ತಾಳೆಯೆ.

ಈಗ ಆರು ತಿಂಗಳ ಹಿಂದೆ ಅವರ ಒಡಹುಟ್ಟಿದ ಅಕ್ಕನ ಕಣ್ಣು ಪೂರ್ತಿ ಹೋಯಿತು. ದೂರದ ಊರು, ಒಂಟಿ ಜೀವ. ಇಲ್ಲಿಗೆ ಕರೆತರೋಣವೆಂದರೆ ಆಕೆ ಆ ಮನೆಯ ಗೋಡೆ, ಮೆಟ್ಟಿಲು, ಒಲೆ ಎಲ್ಲವನ್ನೂ ಕೈಯಿಂದ ತಡವಿ ಬಲ್ಲವಳು, ಹೊಸ ಜಾಗದಲ್ಲಿ ಒಂದು ವಾರ ಬದುಕಲಾರಳು. ತಮ್ಮನೇ ಬರುತ್ತೇನೆಂದು ಮಾತು ಕೊಟ್ಟರು. ಅಂಗಡಿ ಬೇರೆಯವರಿಗೆ ಒಪ್ಪಿಸಿಯೂ ಆಯಿತು. ಗುರುವಾರ ಬೆಳಗಿನ ಬಸ್ಸು ಎಂದು ಚಹಾ ಕುಡಿಯುತ್ತ ಹೇಳಿದರು. ಗುಂಡಿಯಕ್ಕ ‘ಹೌದಾ, ಒಳ್ಳೇದಾಯ್ತು ಬಿಡಿ’ ಎಂದಳು. ಎಂದ ಮೇಲೆ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡಳು. ಅಮ್ಮ ಲೋಟ ಬಡಿದಳು.

ಅವಳಿಗೂ ಗೊತ್ತು, ಕಣ್ಣಿಲ್ಲದ ಅಕ್ಕನನ್ನು ಬಿಟ್ಟು ಇರಿ ಎನ್ನುವುದು ನ್ಯಾಯವಲ್ಲ. ಜೊತೆಗೆ ಬರುತ್ತೇನೆಂದರೆ ಎದ್ದು ಕೂರಲಾರದ ಅಮ್ಮನನ್ನು ಯಾರ ಕೈಗೆ ಹಾಕುವುದು. ಆದರೂ ಒಂದು ಸಲ ಹೇಳದೆ ಕಳಿಸಿದರೆ ತಾನು ಉಳಿಯುವುದಿಲ್ಲ ಅನ್ನಿಸಿತು. ಬಾಯಿ ಬಿಟ್ಟು ಹೇಳುವ ಧೈರ್ಯವೋ, ಐವತ್ತೆರಡರ ಹೆಂಗಸಿಗೆ ಎಲ್ಲಿಂದ ತರುವುದು. ಅದು ಸೋಮವಾರ. ಪತ್ರಿಕೆಯ ಅಂಚಿನಲ್ಲಿ ದುಂಡಗೆ ಬರೆದಳು: ‘ಹೋಗಬೇಡಿ. ನೀವಿಲ್ಲದೆ ನನಗೆ ಆಗುವುದಿಲ್ಲ.’ ಮಡಿಸಿ, ಬೀದಿ ದಾಟಿ, ಅವರ ಮೇಜಿನ ಮೇಲಿಟ್ಟು ತಿರುಗಿ ನೋಡದೆ ಬಂದಳು.

ಮಂಗಳವಾರ ನಾಲ್ಕಕ್ಕೆ ಅವರು ಬಂದರು. ಸ್ಟೂಲಿನ ಮೇಲೆ ಕೂತರು. ಚಹಾ ಊದಿದರು.

“ನಿನ್ನೆ ಸುಳಿವಿಗೆ ಎಷ್ಟು ಅಕ್ಷರ ಅಂತ ಬರೆಯೋದನ್ನ ಮರ್ತಿದ್ದೀರಿ,” ಎಂದರು.

ಗುಂಡಿಯಕ್ಕನಿಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಹತ್ತೊಂಬತ್ತು ವರ್ಷ ಮಾತಿನ ಮೇಲ್ಮೈ ನಂಬಬೇಡಿ, ನಂಬಬೇಡಿ ಎಂದು ಪಾಠ ಹೇಳಿದವರು ಅವರು, ಹೇಳಿಸಿಕೊಂಡವಳು ತಾನು. ಅಂಥವರಿಗೆ ನೆಟ್ಟಗೆ ಒಂದು ಮಾತು ಬರೆದು ಕೊಟ್ಟರೆ ಅವರು ಅದರ ಹೊಲಿಗೆ ಬಿಚ್ಚಲು ಕೂರುತ್ತಾರೆ, ಇನ್ನೇನು ಮಾಡುತ್ತಾರೆ. ತಪ್ಪು ಯಾರದೆನ್ನುವುದು. ಅಲ್ಲಿಯೇ ಇದು ಸುಳಿವಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ಏಳಲಿಲ್ಲ. ನೀವೇ ನೋಡಿ ಎಂದು ಗೊಣಗಿ, ಯಾರದೋ ಪ್ಯಾಂಟಿನ ಅಂಚು ಮಡಿಸತೊಡಗಿದಳು. ಮನಸ್ಸು ಅವರಿಗೆ ಹಿಡಿ ಶಾಪ ಹಾಕುತ್ತಿತ್ತು, ತನಗೆ ಮೊರದಷ್ಟು.

ಬುಧವಾರ ಅವರ ಅಂಗಡಿ ಖಾಲಿಯಾಯಿತು. ಗಡಿಯಾರಗಳೆಲ್ಲ ಪೆಟ್ಟಿಗೆ ಸೇರಿದವು. ನಾಲ್ಕಕ್ಕೆ ಮೊದಲೇ ಅವರು ಸೋಮವಾರದ ಪುಟ ಹಿಡಿದು ಬಂದರು. ಅವಳು ಬರೆದ ಎರಡು ಸಾಲಿನ ಸುತ್ತ ಒಂದು ಬೆರಳಿಡುವಷ್ಟೂ ಜಾಗ ಬಿಟ್ಟಿರಲಿಲ್ಲ. ಅಕ್ಷರ ಹಿಂದುಮುಂದು ಮಾಡಿ ಬರೆದಿದ್ದರು, ತಲೆ ಕಡಿದು ಬರೆದಿದ್ದರು, ಒಂದು ಪದದ ಬಾಲವನ್ನು ಇನ್ನೊಂದರ ತಲೆಗೆ ಅಂಟಿಸಿದ್ದರು, ಎಲ್ಲವನ್ನೂ ಹೊಡೆದು ಹಾಕಿದ್ದರು. ನೋಡಿದವಳಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ನಾಲಿಗೆ ಎದ್ದಿತು.

“ಅದು ಸುಳಿವಲ್ಲ,” ಎಂದಳು. “ಹೋಗಬೇಡಿ ಅಂತ ಬರ್ದಿದ್ದೀನಿ. ಹೋಗಬೇಡಿ ಅಂತಲೇ ಅರ್ಥ.”

ಅವರು ಪುಟವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು.

“ಗೊತ್ತು. ಓದಿದ ತಕ್ಷಣ ಗೊತ್ತಾಯ್ತು. ಬೇರೆ ಏನಾದ್ರೂ ಅರ್ಥ ಸಿಕ್ಕಿದ್ರೆ ಹೋಗೋದು ಸುಲಭ ಆಗ್ತಿತ್ತು ಅಂತ ಎರಡು ದಿನ ಹುಡುಕಿದೆ. ಸಿಗಲಿಲ್ಲ.”

ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಇಷ್ಟು ವರ್ಷದಲ್ಲಿ ನೀವಾದರೂ ಒಂದು ಸಾಲು ಬರೆಯಬಹುದಿತ್ತಲ್ಲ ಎಂದು ಕೇಳಿದಳು. ಬರೆಯಬಹುದಿತ್ತು ಎಂದು ಅವರು ಒಪ್ಪಿಕೊಂಡರು. ನಾಳೆ ಬರೆದರಾಯಿತು, ನಾಲ್ಕು ಗಂಟೆ ದಿನಾ ಬರುತ್ತದಲ್ಲ, ನಾವಿಬ್ಬರೂ ಎಲ್ಲಿಗೆ ಹೋಗುತ್ತೇವೆ ಎಂದುಕೊಂಡೇ ಇದ್ದೆ ಎಂದರು. ಅವಳಿಗೆ ಬೈಯಬೇಕೆನ್ನಿಸಿತು. ಬೈಗುಳ ಸಿಗಲಿಲ್ಲ, ಯಾಕೆಂದರೆ ಅವಳೂ ಅದನ್ನೇ ಅಂದುಕೊಂಡಿದ್ದಳು. ಒಳಗೆ ಲೋಟದ ಸದ್ದಾಯಿತು. ಒಂದು ಸಲ, ಎರಡು ಸಲ. ಇಬ್ಬರೂ ಆ ಕಡೆ ನೋಡಿದರು. ಅವಳು ಬರಲಾರಳು, ಅವರು ಇರಲಾರರು, ಇಬ್ಬರಿಗೂ ಗೊತ್ತಿದ್ದ ಮಾತು ಅದು.

ಅವರು ಹೊರಟರು. ಹೊಸ್ತಿಲ ಬಳಿ ನಿಂತು, ಮೊದಲ ಸಲ ಅವಳ ಹೆಸರು ಹಿಡಿದು ಕರೆದರು. ಗುಂಡಿಯಕ್ಕನಲ್ಲ, ಹೆತ್ತವರು ಇಟ್ಟದ್ದು. ಯಾರಿಂದ ಕೇಳಿ ತಿಳಿದುಕೊಂಡಿದ್ದರೋ, ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದರೋ.

“ನನಗೂ ಆಗೋದಿಲ್ಲ,” ಎಂದರು.

ಗುರುವಾರ ಬೆಳಿಗ್ಗೆ ಏಳರ ಬಸ್ಸಿಗೆ ಅವರು ಹೋದರು. ಅವಳು ಅಮ್ಮನಿಗೆ ಗಂಜಿ ಕುಡಿಸಿ, ಬಸ್ ನಿಲ್ದಾಣಕ್ಕೆ ನಡೆದುಹೋಗಿ, ಬೀದಿಯವರು ನೋಡಿದರೆ ನೋಡಲಿ ಎಂದು ಬಸ್ಸು ತಿರುವು ದಾಟುವವರೆಗೂ ಅಳುತ್ತ ನಿಂತಿದ್ದಳು.